ಕ್ಸೆನಾನ್-135: ಒಂಬತ್ತು ಗಂಟೆಯ ಅನಿಲ

ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರನ್ನು ನೀವು ಕೇಳಿರುತ್ತೀರಿ. ಜೆಮ್‌ಷೆಡ್‌ಜಿ ಟಾಟಾ ಅವರ ಕೋರಿಕೆಯಂತೆ 1900ರಲ್ಲಿ ದೇಶ ಸುತ್ತಿ, ಬೆಂಗಳೂರೇ ತಕ್ಕ ಸ್ಥಳವೆಂದು ಹೇಳಿದವರು ಲಂಡನ್ನಿನ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ. 1906ರಲ್ಲಿ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಬಂದವರು ಅವರ ಸಹೋದ್ಯೋಗಿ ಮಾರಿಸ್ ಟ್ರಾವರ್ಸ್. ಈ ಇಬ್ಬರೇ 1898ರಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಎಂಬ ಜಡಾನಿಲಗಳನ್ನು ಕಂಡುಹಿಡಿದಿದ್ದರು. ಕ್ಸೆನಾನ್ ಎಂದರೆ ಗ್ರೀಕ್ ಭಾಷೆಯಲ್ಲಿ ಅಪರಿಚಿತ. ನಮ್ಮ ಉರ್ದುವಿನ ‘ಅಜನಬಿ’. ಗಾಳಿಯಲ್ಲಿ ಕೋಟಿಗೆ ಒಂದು ಪಾಲೂ ಇಲ್ಲದ, ಯಾರ ಗೊಡವೆಗೂ ಹೋಗದ ಅನಿಲವಿದು.

ಆದರೆ ಅದರ ಒಂದು ಐಸೊಟೋಪ್ ಹಾಗಲ್ಲ. ಯುರೇನಿಯಂ ಪರಮಾಣು ಒಡೆದಾಗ ಹುಟ್ಟುವ ಅಯೋಡಿನ್-135 ಕೆಲವು ಗಂಟೆಗಳಲ್ಲಿ ಕ್ಸೆನಾನ್-135 ಆಗುತ್ತದೆ. ಅದರಲ್ಲಿ 54 ಪ್ರೋಟಾನ್, 81 ನ್ಯೂಟ್ರಾನ್. ಅರ್ಧಾಯು ಸುಮಾರು 9 ಗಂಟೆ. ಅಂದರೆ, ಶನಿವಾರ ಬೆಳಿಗ್ಗೆ 8ಕ್ಕೆ ನಮ್ಮೂರ ಸಂತೆ ಸೇರುವಾಗ 80 ಪಾಲು ಇದ್ದರೆ, ಸಂಜೆ 5ಕ್ಕೆ 40, ರಾತ್ರಿ 2ಕ್ಕೆ 20, ಭಾನುವಾರ 11ಕ್ಕೆ ಕೇವಲ 10. ಉಳಿದದ್ದು ಬೀಟಾ ಕಣ ಹೊರಸೂಸಿ ಸೀಸಿಯಂ ಆಗಿರುತ್ತದೆ. ಆದರೆ ಇಷ್ಟು ಅಲ್ಪಾಯುಷ್ಯದಲ್ಲೂ ನ್ಯೂಟ್ರಾನನ್ನು ನುಂಗುವುದರಲ್ಲಿ ಅದು ಯುರೇನಿಯಂ-235ನ್ನು ಸಾವಿರಾರು ಪಟ್ಟು ಮೀರಿಸುತ್ತದೆ. ನ್ಯೂಟ್ರಾನ್ ಇಲ್ಲದಿದ್ದರೆ ರಿಯಾಕ್ಟರ್ ನಿಲ್ಲುತ್ತದೆ.

ಇದು ತಿಳಿದದ್ದು ಪೆಟ್ಟು ತಿಂದ ಮೇಲೆ. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ಬಾಂಬಿಗಾಗಿ ಪ್ಲುಟೋನಿಯಂ ತಯಾರಿಸಲು ಕಟ್ಟಿದ ದೊಡ್ಡ ರಿಯಾಕ್ಟರ್ 1944ರ ಸೆಪ್ಟೆಂಬರ್ 27ರಂದು ಕೆಲವು ಗಂಟೆ ಚೆನ್ನಾಗಿ ನಡೆದು, ಕಾರಣವೇ ಇಲ್ಲದಂತೆ ಕುಗ್ಗುತ್ತ ಸಂಜೆ ನಿಂತುಹೋಯಿತು. ಮರುದಿನ ಚೇತರಿಸಿಕೊಂಡು ಮತ್ತೆ ಕುಗ್ಗಿತು. ನೀರು ಸೋರಿದೆಯೇ ಎಂದು ಹುಡುಕಿದರು. ಅದು ಚೇತರಿಸಿಕೊಳ್ಳಲು ಹಿಡಿದ ಸಮಯವನ್ನೇ ಲೆಕ್ಕ ಹಾಕಿ ಜಾನ್ ವೀಲರ್ ಅಪರಾಧಿಯನ್ನು ಹಿಡಿದರು: ಕ್ಸೆನಾನ್-135. ಅದೃಷ್ಟಕ್ಕೆ ಎಂಜಿನಿಯರುಗಳು 1500ರ ಬದಲು 2004 ಇಂಧನ ಕೊಳವೆಗಳಿಗೆ ಜಾಗ ಬಿಟ್ಟಿದ್ದರು. ಹೆಚ್ಚುವರಿ ಇಂಧನ ತುಂಬಿ ವಿಷವನ್ನು ಮೀರಿಸಿದರು. (ಅದೃಷ್ಟ ಯಾರದ್ದು ಎಂಬುದು ಬೇರೆ ಮಾತು. ನಾಗಸಾಕಿಯ ಮೇಲೆ ಬಿದ್ದ ಬಾಂಬಿಗೆ ಪ್ಲುಟೋನಿಯಂ ಬಂದದ್ದು ಹ್ಯಾನ್‌ಫರ್ಡ್‌ನಿಂದಲೇ.)

1986ರ ಏಪ್ರಿಲ್ 26ರ ರಾತ್ರಿ ಚೆರ್ನೋಬಿಲ್‌ನಲ್ಲಿ ಈ ಪಾಠ ಗೊತ್ತಿದ್ದವರೇ ಆತುರಪಟ್ಟರು. ಶಕ್ತಿ ತೀರಾ ಇಳಿದು ಕ್ಸೆನಾನ್ ಕೂಡಿಕೊಂಡಾಗ, ಕಾಯುವ ಬದಲು ನಿಯಂತ್ರಣ ಸರಳುಗಳನ್ನು ಮಿತಿಮೀರಿ ಹೊರಗೆಳೆದರು. ವಿನ್ಯಾಸದ ದೋಷವೂ ಸೇರಿ 1 ಗಂಟೆ 23 ನಿಮಿಷಕ್ಕೆ ರಿಯಾಕ್ಟರ್ ಸಿಡಿಯಿತು.

ನಮ್ಮ ರಾಜ್ಯದಲ್ಲಿ ಈ ಅನಿಲ ಹುಟ್ಟಿ ಅಳಿಯುವ ಜಾಗ ಉತ್ತರ ಕನ್ನಡದ ಕಾಳಿ ನದಿ ದಂಡೆಯ ಕೈಗಾ. 2000ದಲ್ಲಿ ವಿದ್ಯುತ್ ಕೊಡಲಾರಂಭಿಸಿದ ಅಲ್ಲಿನ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತು. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಅದನ್ನು ಮುರಿಯಿತು. ನಡೆಯುತ್ತಿರುವಾಗ ಹುಟ್ಟುವ ಕ್ಸೆನಾನೂ ಅಳಿಯುವ ಕ್ಸೆನಾನೂ ಸರಿತೂಗುತ್ತವೆ. ನಿಲ್ಲಿಸಿದರೆ ಮಾತ್ರ ತೊಂದರೆ: ಉಳಿದ ಅಯೋಡಿನ್ ಕ್ಸೆನಾನ್ ಆಗುತ್ತಲೇ ಇರುತ್ತದೆ, ಅದನ್ನು ಸುಡುವ ನ್ಯೂಟ್ರಾನ್ ಇರುವುದಿಲ್ಲ. ಬೇಗನೆ ಮತ್ತೆ ಚಾಲೂ ಮಾಡದಿದ್ದರೆ ಸುಮಾರು ಒಂದೂವರೆ ದಿನ ಕಾದು ಕೂರಬೇಕು.