ಅಂಬಾಸಿಡರ್ ಮೈ, ಮೆಟಡಾರ್ ಎದೆ

ಗದಗ-ಬೆಟಗೇರಿಗೆ ರೈಲು ಬ್ರಿಟಿಷರ ಆಳ್ವಿಕೆಯಲ್ಲೇ ಬಂತು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಪಟ್ಟಣಗಳು ಮಾತ್ರ ಹಳಿಯಿಂದ ದೂರವೇ ಉಳಿದವು. ಅಡತಿ ಅಂಗಡಿಯ ಕೆಲಸವಿರಲಿ, ಬೀಗರ ಮನೆಯ ಮದುವೆ ಇರಲಿ, ರಾತ್ರೋರಾತ್ರಿ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಬೇಕಿರಲಿ, ಬಸ್ಸು ತಪ್ಪಿದರೆ ಬಾಡಿಗೆ ಕಾರು ಇಲ್ಲವೇ ಜೀಪೇ ಗತಿ. ಬಹುಕಾಲ ಬಾಡಿಗೆ ಕಾರು ಎಂದರೆ ಅಂಬಾಸಿಡರ್ ಎಂದೇ ಅರ್ಥ. ಆದರೆ ಕಾರು ಹತ್ತಿರ ಬರುತ್ತಿದ್ದಂತೆ ಕೇಳುತ್ತಿದ್ದ ಸದ್ದು ಎಷ್ಟೋ ಸಲ ಅಂಬಾಸಿಡರಿನದಾಗಿರುತ್ತಿರಲಿಲ್ಲ. ಬಾನೆಟ್ ಎತ್ತಿದರೆ ಒಳಗೆ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್!

ಹಳೆಯ ಕಾರಿಗೆ ಬೇರೆ ಗಾಡಿಯ ಎಂಜಿನ್ ಕೂರಿಸುವುದು ಪಾಶ್ಚಾತ್ಯ ದೇಶಗಳಲ್ಲಿ ಹವ್ಯಾಸಿಗಳ ಚಟ. ಅಲ್ಲಿ ಎಂಜಿನ್ ಕೊಡುವ ಗಾಡಿಯನ್ನು ‘ದಾನಿ’ ಎಂದು ಕರೆಯುತ್ತಾರೆ. ನಮ್ಮಲ್ಲಿ ಅದು ಹೊಟ್ಟೆಪಾಡಿನ ಲೆಕ್ಕಾಚಾರವಾಗಿತ್ತು. ದಾನವೆಂಬುದು ಹೆಸರಿಗೂ ಇರಲಿಲ್ಲ.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ಪಡೆದು ಹಿಂದೂಸ್ತಾನ್ ಮೋಟಾರ್ಸ್ ಕಂಪೆನಿ 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಸಲು ತೊಡಗಿತು. ಹೆಚ್ಚು ಕಾಲ ಅದರೊಳಗಿದ್ದದ್ದು 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಎಂ.ಜಿ.ಎ. ಎಂಬ ಹೆಸರಾಂತ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲೂ ಇದೇ ವಂಶದ ಎಂಜಿನ್ ಇತ್ತೆಂದರೆ ಇಂದು ನಂಬುವುದು ಕಷ್ಟ. ಪೆಟ್ರೋಲು ಅಗ್ಗವಿದ್ದಷ್ಟು ದಿನ ಯಾರಿಗೂ ದೂರಿರಲಿಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಕೃಷಿ ಮತ್ತು ಸರಕು ಸಾಗಣೆಗೆ ಬೇಕೆಂದು ಸರ್ಕಾರ ಡೀಸೆಲ್ ಬೆಲೆಯನ್ನು ತಗ್ಗಿನಲ್ಲೇ ಇಟ್ಟಿತು. ಟ್ಯಾಕ್ಸಿ ಮಾಲೀಕನಿಗೆ ಈ ಅಂತರವೇ ದಿನದ ದುಡಿಮೆಯಾಯಿತು.

ಕಂಪೆನಿಯೇ 1980ರ ಹೊತ್ತಿಗೆ ಡೀಸೆಲ್ ಅಂಬಾಸಿಡರ್ ತಂದದ್ದು ನಿಜ. ಆದರೆ ಅದರ ಶಕ್ತಿ ಸುಮಾರು 37 ಅಶ್ವಶಕ್ತಿಯಷ್ಟೆ. ಏಳೆಂಟು ಜನ, ಮೇಲೆ ಗಂಟುಮೂಟೆ ಹೇರಿಕೊಂಡು ಹೊರಡುವ ಕಾರಿಗೆ ಅದು ಯಾತಕ್ಕೂ ಸಾಲದು. ಅಲ್ಲದೆ, ಕೈಯಲ್ಲಿರುವ ಪೆಟ್ರೋಲ್ ಕಾರನ್ನು ಏನು ಮಾಡುವುದು? ಉತ್ತರ ಹುಡುಕಿದವರು ಎಂಜಿನಿಯರುಗಳಲ್ಲ, ಗ್ಯಾರೇಜಿನ ಮಿಸ್ತ್ರಿಗಳು.

ಯಾವ ಗಾಡಿಯ ಎಂಜಿನ್ ತರಬೇಕು ಎಂಬುದರಲ್ಲೇ ಅವರ ಜಾಣತನವೆಲ್ಲ ಅಡಗಿತ್ತು. ಅಶ್ವಶಕ್ತಿ ನೋಡಿ ಮರುಳಾಗುವುದು ಹೊಸಬರ ರೀತಿ. ಅನುಭವಿ ಮಿಸ್ತ್ರಿ ಮೊದಲು ನೋಡುವುದು ಎಂಜಿನ್ ಉದ್ದಕ್ಕೆ ಕೂತಿದೆಯೋ ಅಡ್ಡಕ್ಕೆ ಕೂತಿದೆಯೋ ಎಂದು. ಅಂಬಾಸಿಡರ್‌ನಲ್ಲಿ ಎಂಜಿನ್ ಉದ್ದಕ್ಕಿದ್ದು, ಹಿಂದಿನ ಗಾಲಿಗಳಿಗೆ ಶಕ್ತಿ ಹೋಗುತ್ತದೆ. 1983ರಲ್ಲಿ ಬಂದ ಮಾರುತಿ 800ರ ಎಂಜಿನ್ ಅಡ್ಡಕ್ಕಿದ್ದು, ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಎಷ್ಟೇ ಒಳ್ಳೆಯ ಎಂಜಿನ್ ಆದರೂ ಅದು ಇಲ್ಲಿ ಕೆಲಸಕ್ಕೆ ಬಾರದು. ಎರಡನೆಯದು ಎಣ್ಣೆಯ ಸಂಪು. ಅದು ತಳದಲ್ಲಿ ಮುಂದಕ್ಕೆ ಇಳಿದಿದೆಯೋ ಹಿಂದಕ್ಕೋ ಎಂಬುದರ ಮೇಲೆ ಕಾರಿನ ಅಡ್ಡತೊಲೆಗೆ ತಾಗುತ್ತದೆಯೇ ಇಲ್ಲವೇ ಎಂಬುದು ನಿಲ್ಲುತ್ತದೆ. ತಾಗಿದರೆ ಸಂಪನ್ನು ಕತ್ತರಿಸಿ ಬೆಸೆಯಬಹುದು, ತೊಲೆಯನ್ನಲ್ಲ. ಅಂಬಾಸಿಡರ್‌ಗೆ ಜೀಪಿನಂತೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಕಂಡಕಂಡಲ್ಲಿ ಗ್ಯಾಸ್ ಕಟರ್ ಆಡಿಸಿದರೆ ಕಾರಿನ ಬೆನ್ನೆಲುಬೇ ಸಡಿಲವಾಗುತ್ತದೆ.

ಆಮೇಲೆ ತೂಕ. ಡೀಸೆಲ್ ಎಂಜಿನ್ ಭಾರ. ಅಂಬಾಸಿಡರ್‌ನ ಮುಂಭಾಗವನ್ನು ಹೊರುವುದು ತಿರುಚುವ ಕಂಬಿಗಳು, ಅಂದರೆ ಟಾರ್ಶನ್ ಬಾರ್. ಅವನ್ನು ಸರಿಹೊಂದಿಸದಿದ್ದರೆ ಮೂತಿ ಕುಸಿದು, ಸ್ಟೀರಿಂಗ್ ಕಲ್ಲಾಗುತ್ತದೆ. ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲೇ ದುಡಿಯುವಂಥದ್ದು. ಪೆಟ್ರೋಲ್ ಕಾರಿನ ಹಿಂದಿನ ಆಕ್ಸಲ್ ಹಾಗೆಯೇ ಉಳಿದರೆ ಗಾಡಿ ಏರು ಹತ್ತುತ್ತದೆ, ಆದರೆ ಹುಬ್ಬಳ್ಳಿ ರಸ್ತೆಯಲ್ಲಿ ವೇಗ ಹೆಚ್ಚಿಸಿದೊಡನೆ ಅರಚತೊಡಗುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಮುಂಡರಗಿಯಿಂದ ಡಂಬಳದ ಮೇಲೆ ಗದಗಿಗೆ ಬರಬೇಕಾದರೆ ಹಳೆಯ ರೇಡಿಯೇಟರ್ ಸಾಲದು. ಸ್ಟಾರ್ಟರಿಗೆ ದೊಡ್ಡ ಬ್ಯಾಟರಿ ಬೇಕು. ಬ್ರೇಕಿನ ಮಾತಂತೂ ಬೇರೆಯೇ: ಹಳೆಯ ಅಂಬಾಸಿಡರ್‌ಗೆ ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕ್. ಶಕ್ತಿ ಹೆಚ್ಚಿಸಿ ಬ್ರೇಕ್ ಮರೆತವರು ಕೆಟ್ಟರು.

ಈ ಕಾರಣಕ್ಕೇ ಬಲ್ಲವರು ಗುಜರಿಯಿಂದ ಬರಿಯ ಎಂಜಿನ್ ತರುತ್ತಿರಲಿಲ್ಲ. ಸಾಧ್ಯವಾದರೆ ಇಡೀ ಗಾಡಿಯನ್ನೇ ಕೊಳ್ಳುತ್ತಿದ್ದರು. ಗೇರ್ ಬಾಕ್ಸ್, ರೇಡಿಯೇಟರ್, ವೈರಿಂಗ್, ಎಂಜಿನ್ನಿನ ರಬ್ಬರ್ ಮೌಂಟು ಎಲ್ಲವೂ ಒಂದೇ ಕಡೆ ಸಿಗುತ್ತವೆ. ಓಡುತ್ತಿರುವ ಗಾಡಿಯಾದರೆ ಹೊಗೆಯ ಬಣ್ಣ ನೋಡಬಹುದು, ಏರಿನಲ್ಲಿ ಓಡಿಸಬಹುದು. ಜೊತೆಗೆ ಕಾಗದಪತ್ರ.

ಇಷ್ಟೆಲ್ಲ ಪರೀಕ್ಷೆಯಲ್ಲಿ ಮೆಟಡಾರ್ ಮೊದಲ ಸ್ಥಾನ ಪಡೆಯಲಾರದು. ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವೆ ಲೇತ್ ಅಂಗಡಿಯಲ್ಲಿ ಮಾಡಿಸಿದ ಅಡಾಪ್ಟರ್ ತಟ್ಟೆ ಬೇಕಾಗುತ್ತಿತ್ತು, ನಡುಕವೂ ಹೆಚ್ಚು. ಆದರೂ ಅದು ಗೆದ್ದದ್ದು ಬೇರೆ ಗುಣದಿಂದ. ಪುಣೆಯ ಬಜಾಜ್ ಟೆಂಪೊ ಕಂಪೆನಿಯ ಈ ವ್ಯಾನು ಊರೂರಿಗೂ ಸರಕು, ಜನರನ್ನು ಸಾಗಿಸುತ್ತಿತ್ತು. ಹೀಗಾಗಿ ಬಿಡಿಭಾಗ ಸಿಗುತ್ತಿತ್ತು, ಅದನ್ನು ಬಿಚ್ಚಿ ಕೂಡಿಸಬಲ್ಲವನೂ ಸಿಗುತ್ತಿದ್ದ. ನಡುದಾರಿಯಲ್ಲಿ ಕೆಟ್ಟು ನಿಂತ ಬಾಡಿಗೆ ಕಾರಿಗೆ ಇದಕ್ಕಿಂತ ದೊಡ್ಡ ಅರ್ಹತೆ ಯಾವುದು? ಜೀಪಿನ ಕತೆಯೂ ಇಂಥದ್ದೇ. ವಿಲ್ಲೀಸ್ ಕಾಲದ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸುವುದು ಸಾಮಾನ್ಯವಾಗಿತ್ತು. ಮಹೀಂದ್ರ ಕಂಪೆನಿಯೇ 1980ರ ದಶಕದಲ್ಲಿ ಪ್ಯೂಜೊ ವಿನ್ಯಾಸದ 2112 ಸಿ.ಸಿ.ಯ ಡೀಸೆಲ್ ಎಂಜಿನ್ ಅಳವಡಿಸಿದ ಮೇಲೆ ಕೆಲಸ ಇನ್ನೂ ಹಗುರಾಯಿತು.

ಕಂಪೆನಿಗಳೂ ಈ ಹಾದಿ ಹಿಡಿಯುತ್ತವೆ. ಬ್ರಿಟನ್ನಿನಲ್ಲಿ ಕೆನ್ ಕಾಸ್ಟೆಲೊ ಎಂಬಾತ ಎಂ.ಜಿ.ಬಿ. ಕಾರಿಗೆ ರೋವರ್‌ನ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿ ಮಾರತೊಡಗಿದ. ಅದು ಅಲ್ಯೂಮಿನಿಯಂ ಎಂಜಿನ್ ಆದ್ದರಿಂದ ತೂಕದ ತಕರಾರಿರಲಿಲ್ಲ. 1973ರಲ್ಲಿ ಕಾರ್ಖಾನೆಯೇ ಅಂಥ ಕಾರನ್ನು ಹೊರತಂದಿತು. ನಮ್ಮಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತನ್ನ ಕಾಂಟೆಸ್ಸಾ ಕಾರಿಗೆ ತಂದ ಜಪಾನಿನ ಇಸುಜು ಕಂಪೆನಿಯ 1817 ಸಿ.ಸಿ.ಯ ಪೆಟ್ರೋಲ್ ಎಂಜಿನ್ನನ್ನು 1990ರ ದಶಕದ ಆರಂಭದಲ್ಲಿ ಅಂಬಾಸಿಡರ್‌ಗೂ ಹಾಕಿತು. 75 ಅಶ್ವಶಕ್ತಿ, ಐದು ಗೇರು. ಕೂರಿಸುವ ಸಮಸ್ಯೆಯನ್ನು ಕಾರ್ಖಾನೆಯೇ ಬಿಡಿಸಿಕೊಟ್ಟಿರುವುದರಿಂದ ಹಳೆಯ ಅಂಬಾಸಿಡರ್‌ಗೆ ಇಸುಜು ಅಂಬಾಸಿಡರಿಗಿಂತ ಒಪ್ಪುವ ಗಾಡಿ ಮತ್ತೊಂದಿಲ್ಲ. ಕಾಂಟೆಸ್ಸಾ 2002ರಲ್ಲಿ, ಅಂಬಾಸಿಡರ್ 2014ರಲ್ಲಿ ನಿಂತುಹೋದವು.

ಅದೇ 2014ರಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತವೂ ಸಡಿಲಿತು. ಮೆಟಡಾರ್ ಎಂಜಿನ್ನಿನ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು. ಈಗ ಉಳಿದಿರುವುದು ಅಜ್ಜನ ಕಾರನ್ನು ಮತ್ತೆ ರಸ್ತೆಗಿಳಿಸುವ ಮೊಮ್ಮಕ್ಕಳ ಆಸೆ. ಇಲ್ಲಿ ಕಾನೂನು ಎದುರಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೊದಲು ಇಂಥ ಬದಲಾವಣೆಗೆ ನೋಂದಣಿ ಅಧಿಕಾರಿಯ ಒಪ್ಪಿಗೆ ಕೇಳುತ್ತಿತ್ತಷ್ಟೆ. 2000ದ ತಿದ್ದುಪಡಿ ಅದನ್ನು ಬಿಗಿಗೊಳಿಸಿತು: ತಯಾರಕರು ಹೇಳಿದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಧಾರವಾಡ ಜಿಲ್ಲೆಯಲ್ಲಿ ನೋಂದಣಿಯಾದ ಹಳೆಯ ಕಾರು ಕೊಳ್ಳುವವರು ಬಾನೆಟ್ಟಿನೊಳಗಿನ ಎಂಜಿನ್ ಸಂಖ್ಯೆಗೂ ಆರ್.ಸಿ. ಪುಸ್ತಕದ ಸಂಖ್ಯೆಗೂ ತಾಳೆಯಿದೆಯೇ ಎಂದು ಮೊದಲು ನೋಡಬೇಕು; ಹಿಂದಿನ ಮಾಲೀಕ ಮಾಡಿದ ಅದಲುಬದಲು ಅಲ್ಲೇ ಬಯಲಾಗುತ್ತದೆ.

ಇನ್ನೊಂದು ತೊಡಕು 2021ರಿಂದೀಚಿನದು. ಐವತ್ತು ವರ್ಷ ಮೀರಿದ ಸ್ವಂತ ಬಳಕೆಯ ಕಾರುಗಳಿಗೆ ಕೇಂದ್ರ ಸರ್ಕಾರ ‘ವಿಂಟೇಜ್’ ನೋಂದಣಿ ಜಾರಿಗೆ ತಂದಿತು. ಶುಲ್ಕ 20,000 ರೂಪಾಯಿ. ಆದರೆ ಎಂಜಿನ್ ಸೇರಿದಂತೆ ಕಾರು ಮೂಲ ರೂಪದಲ್ಲೇ ಇರಬೇಕೆಂಬುದು ಷರತ್ತು. ಪೆಟ್ರೋಲ್ ಎಂಜಿನ್ ಉಳಿಸಿಕೊಂಡು ಹಕ್ಕಿಯಲ್ಲಿ ನಿಂತೇ ಇದ್ದ ಸಾಹುಕಾರರ ಕಾರಿಗೆ ಈ ಗೌರವ ಸಿಗುತ್ತದೆ. ಡೀಸೆಲ್ ಎದೆ ಹೊತ್ತು ದಶಕಗಟ್ಟಲೆ ಲಕ್ಷ್ಮೇಶ್ವರ-ಗದಗ ರಸ್ತೆ ಸವೆಸಿದ ಕಾರಿಗೆ ಸಿಗದು. ಎಂಜಿನ್ ಬದಲಿಸಿದ್ದರಿಂದಲೇ ಅದು ಗುಜರಿಗೆ ಹೋಗದೆ ಉಳಿಯಿತು ಎಂಬುದು ಯಾವ ಅರ್ಜಿ ನಮೂನೆಯಲ್ಲೂ ಬರೆಯುವ ವಿಷಯವಲ್ಲ.

ಹೀಗಾಗಿ ಇಂದು ಗಾಡಿ ಹುಡುಕುವವರ ಪಟ್ಟಿ ತಿರುಗುಮುರುಗಾಗಿದೆ. ಮೆಟಡಾರ್ ಎಂಜಿನ್ ಇಳಿಸಿ, ಹಳೆಯ 1489 ಸಿ.ಸಿ. ಎಂಜಿನ್ ಇರುವ ಇನ್ನೊಂದು ಅಂಬಾಸಿಡರ್‌ಗಾಗಿ ಗುಜರಿ ಅಂಗಡಿಗಳನ್ನು ಅಲೆಯಬೇಕು. ಅಂದು ಬಿಚ್ಚಿದ ಎಂಜಿನ್ನನ್ನು ಗ್ರೀಸ್ ಹಚ್ಚಿ, ಗೋಣಿತಟ್ಟು ಸುತ್ತಿ ಅಟ್ಟದ ಕೆಳಗೆ ಇಟ್ಟುಕೊಂಡವರ ಮನೆಗೆ ಈಗ ಗಿರಾಕಿಗಳು ಬರುತ್ತಾರೆ.