ಇನ್ಸುಲಿನ್, ಮೈತೂಕ ಮತ್ತು ಮಧುಮೇಹ: ಕಬ್ಬಿನ ಸೀಮೆಯಿಂದ ನೋಡಿದ ಚರಿತ್ರೆ

ಇನ್ಸುಲಿನ್ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ತಯಾರಾಗುವ ಹಾರ್ಮೋನು. ಉಂಡ ಮೇಲೆ ರಕ್ತಕ್ಕೆ ಬಂದ ಗ್ಲೂಕೋಸನ್ನು ಅದು ಸ್ನಾಯುಗಳಿಗೆ ಸೇರಿಸುತ್ತದೆ, ಯಕೃತ್ತು ತನ್ನ ದಾಸ್ತಾನನ್ನು ರಕ್ತಕ್ಕೆ ಸುರಿಯದಂತೆ ತಡೆಯುತ್ತದೆ, ಕೊಬ್ಬನ್ನು ಕರಗಗೊಡದೆ ಕೂಡಿಡುತ್ತದೆ. ಮೂರನೆಯ ಈ ಕೆಲಸದಿಂದಾಗಿ ಮಧುಮೇಹದ ಚರಿತ್ರೆಗೂ ಮೈತೂಕದ ಚರಿತ್ರೆಗೂ ಗಂಟು ಬಿದ್ದಿದೆ. ತೂಕ ಏರಿದರೆ ಇನ್ಸುಲಿನ್ ಸಾಲದಾಗುತ್ತದೆ. ಇನ್ಸುಲಿನ್ ಕೊಟ್ಟರೆ ತೂಕ ಏರುತ್ತದೆ. ವೈದ್ಯರು ನೂರು ವರ್ಷದಿಂದ ಬಿಡಿಸುತ್ತಿರುವುದು ಈ ಗಂಟನ್ನೇ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಈ ಕಾಯಿಲೆಗೆ 'ಸಕ್ಕರಿ ಬ್ಯಾನಿ' ಎಂದೇ ಹೆಸರು. ಕೃಷ್ಣೆ, ಘಟಪ್ರಭೆಯರ ನೀರುಂಡ ಈ ಎರೆಭೂಮಿ ಕಬ್ಬಿನ ಸೀಮೆ. ಮುಧೋಳ, ಸಮೀರವಾಡಿಗಳಲ್ಲಿ ಸಕ್ಕರೆ ಕಾರ್ಖಾನೆಗಳು, ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ. ಸಕ್ಕರೆ ತಿಂದವರಿಗಷ್ಟೇ ಸಕ್ಕರೆ ಬೇನೆ, ಬೆಲ್ಲಕ್ಕೆ ದೋಷವಿಲ್ಲ ಎಂಬ ಮಾತು ಇಲ್ಲಿ ಹುಟ್ಟದಿದ್ದರೇ ಆಶ್ಚರ್ಯ. ಬೆಲ್ಲದ ಬಹುಪಾಲು ಸುಕ್ರೋಸೇ. ಖನಿಜಾಂಶ ಒಂದಿಷ್ಟು ಇದ್ದರೂ ರಕ್ತದ ಗ್ಲೂಕೋಸನ್ನು ಅದು ಸಕ್ಕರೆಯಂತೆಯೇ ಏರಿಸುತ್ತದೆ. ಸಿಹಿಯ ಮುಖ್ಯ ಅಪರಾಧವಾದರೂ ನೇರವಾದದ್ದಲ್ಲ: ಅದು ಸುಲಭವಾಗಿ ಹೆಚ್ಚುವರಿ ಕ್ಯಾಲೊರಿಯಾಗಿ, ಹೊಟ್ಟೆಯ ಕೊಬ್ಬಾಗಿ, ಅಲ್ಲಿಂದ ಇನ್ಸುಲಿನ್ನಿನ ದಾರಿಗೆ ಅಡ್ಡ ನಿಲ್ಲುತ್ತದೆ.

ತೂಕಕ್ಕೂ ಈ ರೋಗಕ್ಕೂ ನಂಟಿದೆ ಎಂಬುದು ಹೊಸ ಅರಿವಲ್ಲ. ಚರಕ, ಸುಶ್ರುತ ಸಂಹಿತೆಗಳು ಪ್ರಮೇಹದ ರೋಗಿಗಳನ್ನು ಕೃಶರು, ಸ್ಥೂಲರು ಎಂದು ಬೇರ್ಪಡಿಸಿದ್ದವು. ಸುಶ್ರುತನ ಪ್ರಕಾರ ಹುಟ್ಟಿನಿಂದ ಬಂದದ್ದು ಬಡಕಲು ಮೈಯವರದು, ಅಪಥ್ಯದಿಂದ ಬಂದದ್ದು ದಪ್ಪ ಮೈಯವರದು. ಇಬ್ಬರಿಗೂ ಒಂದೇ ಚಿಕಿತ್ಸೆ ಹೇಳದಷ್ಟು ಎಚ್ಚರ ಆ ವೈದ್ಯರಿಗಿತ್ತು.

ಆಧುನಿಕ ಕಥೆ ನಾಯಿಯಿಂದ ಆರಂಭ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಜೋಸೆಫ್ ಫಾನ್ ಮೆರಿಂಗ್, ಆಸ್ಕರ್ ಮಿಂಕೋವ್‌ಸ್ಕಿ ನಾಯಿಯ ಮೇದೋಜೀರಕವನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್, ಮ್ಯಾಕ್ಲಿಯಡ್ ಅವರ ಪ್ರಯೋಗಾಲಯದಲ್ಲಿ ಆ ಗ್ರಂಥಿಯ ಸಾರ ತೆಗೆದರು. ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ ಅದನ್ನು ಪಡೆದ 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಸುಮಾರು 30 ಕೆಜಿಗೆ ಇಳಿದಿದ್ದ. ಇನ್ಸುಲಿನ್ ಇಲ್ಲದ ದೇಹ ತನ್ನ ಕೊಬ್ಬನ್ನೂ ಸ್ನಾಯುವನ್ನೂ ತಾನೇ ತಿಂದುಕೊಳ್ಳುತ್ತದೆ, ಸಕ್ಕರೆಯನ್ನು ಮೂತ್ರದಲ್ಲಿ ಚೆಲ್ಲುತ್ತದೆ. ಪ್ರಯತ್ನವಿಲ್ಲದೆ ತೂಕ ಇಳಿದವರನ್ನು ಕಂಡು 'ಸಣ್ಣ ಆಗ್ಯಾರ' ಎಂದು ಮೆಚ್ಚುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಲೇಸು.

ಇನ್ಸುಲಿನ್ ಸಿಕ್ಕಿತು, ಕಥೆ ಮುಗಿಯಿತು ಎಂದುಕೊಂಡವರಿಗೆ 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ತೊಡಕೊಂದನ್ನು ತೋರಿಸಿದರು. ಕೆಲವು ರೋಗಿಗಳಿಗೆ ಇನ್ಸುಲಿನ್ ಕೊಟ್ಟರೂ ಗ್ಲೂಕೋಸ್ ಬೇಗ ಇಳಿಯುತ್ತಿರಲಿಲ್ಲ. 1960ರಲ್ಲಿ ನ್ಯೂಯಾರ್ಕಿನ ರೊಸಾಲಿನ್ ಯಾಲೊ, ಸಾಲೊಮನ್ ಬರ್ಸನ್ ರಕ್ತದ ಇನ್ಸುಲಿನ್ ಅಳೆಯುವ ವಿಧಾನ ಪ್ರಕಟಿಸಿದಾಗ ಗುಟ್ಟು ಬಯಲಾಯಿತು: ನಡುವಯಸ್ಸಿನಲ್ಲಿ ಮಧುಮೇಹ ಬಂದ ಹಲವರ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಿರಲಿಲ್ಲ, ಹೆಚ್ಚೇ ಇತ್ತು. ಯಾಲೊಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದಾದಾಗ ತೂಬನ್ನು ಇನ್ನಷ್ಟು ಎತ್ತುತ್ತಾರಲ್ಲ, ಬೀಟಾ ಕೋಶಗಳೂ ಅದನ್ನೇ ಮಾಡುತ್ತವೆ. ಯಕೃತ್ತು, ಸ್ನಾಯುಗಳಲ್ಲಿ ಕೊಬ್ಬು ತುಂಬಿದಾಗ ಅದೇ ಕೆಲಸಕ್ಕೆ ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ. ಬೀಟಾ ಕೋಶಗಳು ಸುರಿಸುವಷ್ಟು ದಿನ ಸಕ್ಕರೆ ಹತೋಟಿಯಲ್ಲಿರುತ್ತದೆ, ಅವು ಸೋತ ದಿನ ಮಧುಮೇಹ. ದಪ್ಪಗಿದ್ದ ಎಲ್ಲರಿಗೂ ಈ ರೋಗ ಬಾರದಿರುವುದು ಇದರಿಂದಲೇ: ಕೆಲವರ ಬೀಟಾ ಕೋಶಗಳು ಕಡೆಯವರೆಗೂ ತಾಳಿಕೊಳ್ಳುತ್ತವೆ.

ಮದ್ದಿನ ಕಡೆಯಿಂದಲೂ ತೊಡಕು ಇತ್ತು. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಇನ್ಸುಲಿನ್ ಪಡೆದವರು ಸಾಮಾನ್ಯ ಚಿಕಿತ್ಸೆಯವರಿಗಿಂತ ಸರಾಸರಿ 4 ಕೆಜಿ ಹೆಚ್ಚು ದಪ್ಪಗಾದರು. ಮೂತ್ರದಲ್ಲಿ ಪೋಲಾಗುತ್ತಿದ್ದ ಕ್ಯಾಲೊರಿ ಈಗ ಮೈಯಲ್ಲೇ ಉಳಿಯುತ್ತದೆ, ಕೊಬ್ಬು ಕರಗುವುದು ನಿಲ್ಲುತ್ತದೆ. ಇದೇ ಅಧ್ಯಯನ ಸ್ಥೂಲಕಾಯದವರಿಗೆ ತೂಕ ಏರಿಸದ ಮೆಟ್‌ಫಾರ್ಮಿನ್ ಮಾತ್ರೆ ಒಳ್ಳೆಯದೆಂದು ತೋರಿಸಿತು. ಆದರೂ 'ಸೂಜಿ ಹಿಡಿದರೆ ಮೈ ಬರುತ್ತೆ' ಎಂದು ಇನ್ಸುಲಿನ್ ಬೇಕಾದವರು ಅದನ್ನು ಬಿಡುವುದು ದುಬಾರಿ ತಪ್ಪು. ಏರಿದ ಸಕ್ಕರೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಸುಮ್ಮನೆ ಬಿಡುವುದಿಲ್ಲ.

ಕನ್ನಡ ನಾಡು ಈ ಚರಿತ್ರೆಗೆ ಸೇರುವುದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿಂದ. ಊರವರಿಗೆ ಅದು ಮಿಷನ್ ಆಸ್ಪತ್ರೆ. ಅಲ್ಲಿನ ಹೆರಿಗೆ ವಿಭಾಗ 1934ರಿಂದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಪ್ಪ ದಪ್ಪ ರಿಜಿಸ್ಟರುಗಳಲ್ಲಿ ಬರೆದಿಟ್ಟಿತ್ತು. ಬರೆದ ದಾದಿಯರು ವಿಜ್ಞಾನದ ಹೆಸರಿನಲ್ಲಿ ಬರೆದವರಲ್ಲ. ದಶಕಗಳ ಬಳಿಕ ಬ್ರಿಟನ್ನಿನ ಡೇವಿಡ್ ಬಾರ್ಕರ್, ಹುಟ್ಟುವಾಗ ಕಡಿಮೆ ತೂಕವಿದ್ದವರಿಗೆ ಮುಂದೆ ಮಧುಮೇಹ ಹೆಚ್ಚು ಎಂದು ಹೇಳಿದರು. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ಪುಸ್ತಕಗಳ ಜಾಡು ಹಿಡಿದು, ಹಿಂದೆ ಅಲ್ಲೇ ಹುಟ್ಟಿ ನಡುವಯಸ್ಸು ಮುಟ್ಟಿದ್ದ 506 ಮಂದಿಯನ್ನು ಪರೀಕ್ಷಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ 15 ಮಂದಿಗೆ ಮಧುಮೇಹ ಇತ್ತು. ಆದರೆ ಇಲ್ಲಿ ಕಡಿಮೆ ತೂಕಕ್ಕೂ ಮಧುಮೇಹಕ್ಕೂ ನಂಟು ಕಾಣಲಿಲ್ಲ. ಉದ್ದಕ್ಕೆ ಹೋಲಿಸಿದರೆ ಗುಂಡಗಿದ್ದ ಮಗುವಿಗೆ, ದಪ್ಪ ತಾಯಂದಿರ ಮಗುವಿಗೆ ಅಪಾಯ ಹೆಚ್ಚಿತ್ತು. ತಾಯಿಗೆ ಗರ್ಭಕಾಲದಲ್ಲಿ ಸಕ್ಕರೆ ಏರಿತ್ತೇ ಎಂಬ ಅನುಮಾನ ಹುಟ್ಟಿತು. ಅದನ್ನು ಪರೀಕ್ಷಿಸಲು 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ ಮೈಸೂರು ಪಾರ್ಥೆನಾನ್ ಅಧ್ಯಯನ ಶುರುವಾಯಿತು. ನೂರಕ್ಕೆ ಆರರಷ್ಟು ಮಂದಿಗೆ ಗರ್ಭಕಾಲದ ಮಧುಮೇಹ ಕಂಡಿತು. ಜಿ.ವಿ. ಕೃಷ್ಣವೇಣಿ ಮತ್ತಿತರರು ಆ ಮಕ್ಕಳನ್ನು ಬೆಳೆದಂತೆ ಅಳೆಯುತ್ತಾ ಹೋದಾಗ, ಅಂಥ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕೊಬ್ಬೂ ಇನ್ಸುಲಿನ್ನೂ ಹೆಚ್ಚಿದ್ದವು.

ಅತ್ತ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದರು. ನಮ್ಮವು ಸರಾಸರಿ 2.7 ಕೆಜಿ, ಅವರವು 3.5 ಕೆಜಿ. ನಮ್ಮ ಮಗುವಿನಲ್ಲಿ ಸ್ನಾಯು ಸೊರಗಿತ್ತು, ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. 2004ರಲ್ಲಿ ಯಾಜ್ಞಿಕ್ ತಮ್ಮ ಬ್ರಿಟಿಷ್ ಗೆಳೆಯ ಜಾನ್ ಯುಡ್ಕಿನ್ ಜೊತೆ ನಿಂತ ಚಿತ್ರವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ದೇಹ ತೂಕ ಸೂಚ್ಯಂಕವೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ಮಧುಮೇಹದ ಬಗ್ಗೆ ಭಾರತದಿಂದ ಹೊರಟ ಇಷ್ಟು ಚುರುಕಾದ ಪಾಠ ಇನ್ನೊಂದಿಲ್ಲ ಎನ್ನಬಹುದು. ಅಧಿಕ ತೂಕದ ಗೆರೆಯನ್ನು ಭಾರತದ ತಜ್ಞರು 25ರಿಂದ 23ಕ್ಕೆ ಇಳಿಸಿದ್ದು, ಸೊಂಟದ ಸುತ್ತಳತೆಯ ಮಿತಿಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಎಂದದ್ದು ಇದೇ ತಿಳಿವಳಿಕೆಯ ಮೇಲೆ.

'ನಮಗೇನ್ ಮೈ ಬಂದಿಲ್ಲ, ಸಕ್ಕರಿ ಹ್ಯಾಂಗ ಬರತೈತಿ' ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದಕ್ಕೆ ಬದಲಾದ ದುಡಿಮೆಯೂ ಸೇರಿತು. ರಬಕವಿ-ಬನಹಟ್ಟಿಯ ನೇಕಾರ ಹಿಂದೆ ಗುಂಡಿಮಗ್ಗದಲ್ಲಿ ಕೂತು ದಿನವಿಡೀ ಕಾಲಲ್ಲಿ ತುಳಿಯುತ್ತಿದ್ದ. ವಿದ್ಯುತ್ ಮಗ್ಗ ಆ ತುಳಿತವನ್ನು ಮೋಟಾರಿಗೆ ಒಪ್ಪಿಸಿತು. ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಬೀಳಗಿಯ ಕುಟುಂಬಗಳಲ್ಲಿ ಕೆಲವಕ್ಕೆ ಬೇಸಾಯದ ಮೈಗೆಲಸವೇ ತಪ್ಪಿತು. ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಅದು ಸುಮ್ಮನಾದರೆ ಭಾರವೆಲ್ಲ ಬೀಟಾ ಕೋಶದ ಮೇಲೆ. ಊಟದಲ್ಲೂ ಅಕ್ಕಿಯ ಪಾಲು ಬೆಳೆದಿದೆ. 2013ರ ಅನ್ನಭಾಗ್ಯ ಪಡಿತರ ಯೋಜನೆ ಹಸಿವನ್ನು ತಗ್ಗಿಸಿದ್ದು ಸಣ್ಣ ಮಾತಲ್ಲ, ಅದನ್ನು ಈ ರೋಗದ ಆರೋಪಿಯಾಗಿಸುವುದು ಅನ್ಯಾಯ. ಜೋಳದ ರೊಟ್ಟಿಯನ್ನು ಔಷಧಿಯೆಂದು ಹೊಗಳುವುದೂ ಅಷ್ಟೇ ಅತಿ: ನಾರು ಹೆಚ್ಚಿದ್ದರೂ ಜೋಳವೂ ಪಿಷ್ಟವೇ. ರೊಟ್ಟಿಯ ಎಣಿಕೆ ತಗ್ಗಿ ಬೇಳೆ, ಕಾಳುಪಲ್ಲೆ, ಹಸಿ ತಪ್ಪಲು ಹೆಚ್ಚಿದರೆ ಮಾತು ಬೇರೆ.

ಇತ್ತೀಚಿನ ಅಧ್ಯಾಯ ಬ್ರಿಟನ್ನಿನದು. 2017ರ ಡೈರೆಕ್ಟ್ ಅಧ್ಯಯನದಲ್ಲಿ ಕಡಿಮೆ ಕ್ಯಾಲೊರಿಯ ಆಹಾರದಿಂದ ತೂಕ ಇಳಿಸಿದವರ ಗುಂಪಿನಲ್ಲಿ ಶೇ 46ರಷ್ಟು ಮಂದಿಗೆ ಒಂದು ವರ್ಷದಲ್ಲಿ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಗೆ ಬಂತು. 15 ಕೆಜಿ ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ 86. ನ್ಯೂಕ್ಯಾಸಲ್‌ನ ರಾಯ್ ಟೇಲರ್ ಇದನ್ನು ಯಕೃತ್ತು ಮತ್ತು ಮೇದೋಜೀರಕದ ಕೊಬ್ಬು ಕರಗಿದ ಫಲವೆಂದರು. 2025ರಲ್ಲಿ ಭಾರತದ ಪೇಟೆಗೆ ಬಂದ ಟಿರ್ಜೆಪಟೈಡ್ ಎಂಬ ಮದ್ದು, ಇನ್ಸುಲಿನ್ ಹೆಚ್ಚಿದರೆ ತೂಕ ಏರುತ್ತದೆ ಎಂಬ ಹಳೆಯ ಲೆಕ್ಕವನ್ನೇ ತಲೆಕೆಳಗಾಗಿಸಿತು: ಅದು ಇನ್ಸುಲಿನ್ ಸ್ರವಿಸುವುದನ್ನು ಹೆಚ್ಚಿಸುತ್ತದೆ, ತೂಕವನ್ನು ಇಳಿಸುತ್ತದೆ, ಬೆಲೆ ಮಾತ್ರ ಮಗ್ಗದ ಕೂಲಿಗೆ ಎಟಕುವಂಥದ್ದಲ್ಲ. ತೆಳ್ಳಗಿನವರ ಗತಿಯೇನು ಎಂದು ಟೇಲರ್ 20 ಮಂದಿಯ ಮೇಲೆ ಇನ್ನೊಂದು ಪ್ರಯೋಗ ನಡೆಸಿ 2023ರಲ್ಲಿ ಪ್ರಕಟಿಸಿದರು. ಆ 20 ಮಂದಿಯ ದೇಹ ತೂಕ ಸೂಚ್ಯಂಕ 27ಕ್ಕಿಂತ ಕೆಳಗಿತ್ತು. ತೂಕದ ನೂರರಲ್ಲಿ ಆರೂವರೆ ಪಾಲಿನಷ್ಟನ್ನು ಕಳೆದುಕೊಂಡಾಗ 14 ಮಂದಿ ಮಾತ್ರೆ ಬಿಟ್ಟು ಹತೋಟಿಯಲ್ಲಿದ್ದರು.