ತೆಳುವಾಗುತ್ತ ಬಂದ ಮರ

ವೆನೀರ್ ಎಂದರೆ ಮರದ ವೇಷ ಹಾಕಿದ ಅಗ್ಗದ ಹಲಗೆ ಎಂದೇ ಬಹಳ ಮಂದಿ ನಂಬಿದ್ದಾರೆ. ಅದು ಬೆಳೆದದ್ದು ಮಾತ್ರ ಅರಸರ ಆಶ್ರಯದಲ್ಲಿ. ಈಜಿಪ್ಟಿಗೆ ಕರಿಯ ಎಬೊನಿ ಮರ ದೂರದ ದಕ್ಷಿಣದಿಂದ ಬರಬೇಕಿತ್ತು. ಬಂದಷ್ಟನ್ನೇ ತೆಳು ಹಾಳೆಯಾಗಿ ಸೀಳಿ ಸಾಧಾರಣ ಮರದ ಮೇಲೆ ಅಂಟಿಸುತ್ತಿದ್ದರು. ಆ ಹಾಳೆಯೇ ವೆನೀರ್. 1922ರಲ್ಲಿ ಪತ್ತೆಯಾದ ತುತಂಖಾಮನ್ ಸಮಾಧಿಯಲ್ಲಿ ಎಬೊನಿ, ದಂತ ಹೊದಿಸಿದ ಪೆಟ್ಟಿಗೆಗಳಿದ್ದವು, ಸುಮಾರು 3,300 ವರ್ಷ ಹಳೆಯವು. ಹಾಳೆಯನ್ನು ಹಿಡಿದಿಟ್ಟದ್ದು ಚರ್ಮ, ಮೂಳೆ ಕುದಿಸಿ ಮಾಡುವ ಅಂಟು, ನಮ್ಮ ಬಡಗಿಗಳ ಮರವಜ್ರ.

ಕೈಗರಗಸದ ಕಾಲದ ಹಾಳೆ ಎರಡು ಮಿಲಿಮೀಟರಿನಷ್ಟು ದಪ್ಪ. ಒಂದು ಹಾಳೆ ತೆಗೆಯುವಾಗ ಹೆಚ್ಚುಕಡಿಮೆ ಅಷ್ಟೇ ಮರ ಹೊಟ್ಟಾಗಿ ಉದುರುತ್ತಿತ್ತು. ಇಂಗ್ಲೆಂಡಿನಲ್ಲಿ ಮಾರ್ಕ್ ಬ್ರುನೆಲ್ 1806ರಲ್ಲಿ ವೆನೀರ್ ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಆ ಶತಮಾನದಲ್ಲೇ ದಿಮ್ಮಿಯನ್ನು ಬೇಯಿಸಿ ಉದ್ದನೆಯ ಅಲಗಿನಿಂದ ಹೋಳು ತೆಗೆಯುವುದು, ದಿಮ್ಮಿಯನ್ನು ತಿರುಗಿಸುತ್ತ ಚಾಪೆಯ ಸುರುಳಿ ಬಿಚ್ಚಿದಂತೆ ಸುಲಿಯುವುದು ಬಳಕೆಗೆ ಬಂದವು. ಹೊಟ್ಟು ಇಲ್ಲವಾಯಿತು, ಹಾಳೆ ಅರ್ಧ ಮಿಲಿಮೀಟರಿಗೆ ಇಳಿಯಿತು. ನನಗೆ ಕಾಣುವಂತೆ ಈ ಕಸುಬಿನ ದೊಡ್ಡ ತಿರುವು ಇದೇ. ಹಳೆಯ ದಪ್ಪ ಹಾಳೆಯನ್ನು ಹಲವು ಸಲ ಹೆರೆದು ಪಾಲಿಶ್ ಮಾಡಿದರೂ ತಡೆಯುತ್ತಿತ್ತು. ಇಂದಿನದು ಉಪ್ಪುಕಾಗದದ ಒಂದು ಜೋರು ಉಜ್ಜಿಗೇ ಅಂಚಿನಲ್ಲಿ ಹರಿದು ಕೆಳಗಿನ ಪ್ಲೈವುಡ್ ಇಣುಕುತ್ತದೆ. ಜಾಣ್ಮೆಯೆಲ್ಲ ಮರದಿಂದ ಅಂಟಿಗೆ, ಅಡಿಹಲಗೆಗೆ ಸರಿಯಿತು.

ಮೈಸೂರಿನ ಬೀಟೆಮರದ ಇನ್ಲೇ ಇದರ ದಾಯಾದಿ. ಅಲ್ಲಿ ಮೇಲೆ ಹೊದಿಸುವುದಿಲ್ಲ, ಕೊರೆದ ಗುಳಿಯೊಳಗೆ ತುಂಡು ಕೂರಿಸುತ್ತಾರೆ. ವೆನೀರಿಗೆ ಅಡಿಹಲಗೆಯಾಗುವ ಪ್ಲೈವುಡ್ ಕುರಿತೇ ಬೆಂಗಳೂರಿನಲ್ಲಿ 1962ರಲ್ಲಿ ಸಂಶೋಧನಾ ಸಂಸ್ಥೆ ಹುಟ್ಟಿತು. 1996ರಲ್ಲಿ ಗೋದಾವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶ ಕಾಡಿನ ಕೊಡಲಿ ತಡೆದ ಮೇಲೆ ಗಿರಣಿಗಳು ಹೊಲದಲ್ಲಿ ಬೆಳೆದ ಪಾಪ್ಲರ್, ನೀಲಗಿರಿಯತ್ತ ತಿರುಗಿದವು. ಬೀಟೆಯ ಇಡೀ ಕುಲವೇ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದಲ್ಲಿದೆ. ಬೀಟೆಯಂಥ ಮರಗಳ ಜಾಗ ತುಂಬಲು ಬೇಗ ಬೆಳೆಯುವ ಮರದ ಹಾಳೆಗಳಿಗೆ ಬಣ್ಣ ಕುಡಿಸಿ, ಒತ್ತಿ ದಿಮ್ಮಿ ಮಾಡಿ, ಮತ್ತೆ ಸೀಳುವ ಪುನರ್ರಚಿತ ವೆನೀರ್ ಬಂದಿದೆ. ಗೋಡೆ ತುಂಬುವ ವಾರ್ಡ್‌ರೋಬಿಗೆ ಅದು ಒಳ್ಳೆಯದು, ಹಾಳೆಯಿಂದ ಹಾಳೆಗೆ ವ್ಯತ್ಯಾಸ ಕಾಣದು. ಮನೆಯಲ್ಲಿ ಕೈಯಾರೆ ಮಾಡುವ ಒಂದೇ ಪೆಟ್ಟಿಗೆಗೆ ನಾನು ಸಹಜ ತೇಗವನ್ನೇ ಆರಿಸುತ್ತೇನೆ.

ಅಂಗಡಿಯಲ್ಲಿ ಒಂದೇ ದಿಮ್ಮಿಯ ಅಕ್ಕಪಕ್ಕದ ಹಾಳೆಗಳನ್ನೇ ಕೇಳಿ. ಒಂದನ್ನು ಪುಸ್ತಕದ ಪುಟದಂತೆ ಮಗುಚಿ ಪಕ್ಕಕ್ಕಿಟ್ಟರೆ ಎಳೆಗಳು ಕನ್ನಡಿಯ ಬಿಂಬದಂತೆ ಕೂಡುತ್ತವೆ. ಒದ್ದೆ ಬಟ್ಟೆಯಲ್ಲಿ ಒಂದು ಮೂಲೆ ಒರೆಸಿ ನೋಡಿ. ಪಾಲಿಶ್ ಆದ ಮೇಲಿನ ಬಣ್ಣ ಹೆಚ್ಚುಕಡಿಮೆ ಅದೇ. ಮೊದಲ ಸಲದವರಿಗೆ ನಾಲ್ಕು ಮಿಲಿಮೀಟರ್ ಪ್ಲೈ ಮೇಲೆ ಕಾರ್ಖಾನೆಯಲ್ಲೇ ಅಂಟಿಸಿದ ಎಂಟು-ನಾಲ್ಕು ಅಡಿ ಶೀಟ್ ಸುಲಭ.

ಬಿಡಿ ಹಾಳೆಯೇ ಬೇಕೆಂದರೆ ಬಿಳಿ ಅಂಟನ್ನು ಹಲಗೆಗೆ ಹಚ್ಚಿ, ಹಾಳೆಗಲ್ಲ. ನೀರು ಕುಡಿದ ಹಾಳೆ ಕ್ಷಣದಲ್ಲಿ ಸುರುಳಿಯಾಗುತ್ತದೆ. ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿ ಹೊರದೂಡಬೇಕು. ಹಲಗೆಯ ಹಿಂಬದಿಗೂ ಒಂದು ಹಾಳೆ ಬೇಕೇ ಬೇಕು, ಇಲ್ಲದಿದ್ದರೆ ಒಣಗುತ್ತ ಒಂದೇ ಕಡೆ ಎಳೆದು ಹಲಗೆ ಡೊಂಕಾಗುತ್ತದೆ. ನನ್ನ ಮೊದಲ ಪೆಟ್ಟಿಗೆಯ ಮುಚ್ಚಳ ಹಾಗೇ ಬಾಗಿತು, ಸಾಲದ್ದಕ್ಕೆ ನಡುವೆ ರೂಪಾಯಿಯಗಲದ ಬೊಬ್ಬೆ. ಉಗುರಿನಿಂದ ತಟ್ಟಿದರೆ ಟೊಳ್ಳು ಸದ್ದು. ಬಾಗಿದ್ದು ಬಾಗಿಯೇ ಉಳಿಯಿತು. ಬೊಬ್ಬೆಯನ್ನು ಮಾತ್ರ ಬ್ಲೇಡಿನಿಂದ ಎಳೆಯ ಗುಂಟವೇ ಸೀಳಿ, ಸಿರಿಂಜಿನಲ್ಲಿ ಅಂಟು ತೂರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಒರಳುಗುಂಡು ಹೇರಿದೆ. ಬೆಳಿಗ್ಗೆ ಸೀಳು ಎಲ್ಲಿತ್ತೆಂದು ಬೆರಳಿಗೆ ಸಿಗಲಿಲ್ಲ.